ನೆಟ್ಟಗೆ ನಿಂತ ನಾಲ್ಕು ಸ್ಕ್ರೂ

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಂಚೆಯವನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಮಧ್ಯಾಹ್ನ ಗಂಡನ ಬೈಕು ಓಡುತ್ತಿದ್ದಂತೆಯೇ ಹೊತ್ತಿಕೊಂಡಿತ್ತು. ಬಲಗಾಲು ಮೊಣಕಾಲಿನವರೆಗೆ ಸುಟ್ಟು ಅವನು ಆಸ್ಪತ್ರೆಯಲ್ಲಿದ್ದ. ಭಾನುವಾರವಷ್ಟೇ ಆ ಬೈಕಿನ ಕಾರ್ಬುರೇಟರ್ ಬಿಚ್ಚಿ ಜೋಡಿಸಿದವನು ಪೇಟೆಬೀದಿಯ ಹೊಸ ಮೆಕ್ಯಾನಿಕ್.

"ಅವನನ್ನ ಒಳಗೆ ಹಾಕಿ ಸಾರ್," ಎಂದಳು.

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್ಸ್‌ಪೆಕ್ಟರು ಇಬ್ಬರು ಪಂಚರ ಎದುರು ಸುಟ್ಟ ಬೈಕಿನ ಪಂಚನಾಮೆಗೆ ಕೂತರು. ಯಾರೋ ಮರಳು ಎರಚಿ ಬೇಗ ಆರಿಸಿದ್ದರಿಂದ ಕಾರ್ಬುರೇಟರ್ ಕಪ್ಪಾಗಿತ್ತೇ ಹೊರತು ಕೆಟ್ಟಿರಲಿಲ್ಲ. ಫೋಟೋ ತೆಗೆದ ಮೇಲೆ ಹೆಡ್ ಕಾನ್‌ಸ್ಟೇಬಲ್ ಅದರ ಕೆಳಗಿನ ಬಟ್ಟಲು ಬಿಚ್ಚಿದ. ಪೆಟ್ರೋಲು ತುಂಬಿದೊಡನೆ ಮೇಲೆದ್ದು ದಾರಿ ಮುಚ್ಚಬೇಕಾದ ಫ್ಲೋಟಿನ ನಾಲಿಗೆಯನ್ನು ಬಗ್ಗಿಸಲಾಗಿತ್ತು. ಹೆಚ್ಚಾದದ್ದು ಹೊರಹೋಗುವ ಕೊಳವೆಯಲ್ಲಿ ಬೆಂಕಿಕಡ್ಡಿಯ ತುಂಡು. ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿದಿತ್ತು.

"ಇದು ಮರೆವಲ್ಲ ಸಾರ್, ಬೇಕಂತಲೇ ಮಾಡಿದ್ದು," ಎಂದ ಹೆಡ್ ಕಾನ್‌ಸ್ಟೇಬಲ್.

"ಮತ್ತೆ ಆ ಫೋಟೋ ಯಾಕೆ ಹಾಗೆ ನೋಡ್ತಿದ್ದೀಯ?"

"ಬಟ್ಟಲಿಗೆ ನಾಲ್ಕು ಸ್ಕ್ರೂ. ತಲೆ ಮೇಲಿನ ಗೀರು ನಾಲ್ಕೂ ನೆಟ್ಟಗೆ, ಒಂದೇ ಕಡೆ. ಶಾಲೆ ಮಕ್ಕಳು ಸಾಲು ನಿಂತಂಗೆ."

ಇನ್ಸ್‌ಪೆಕ್ಟರು ಅದನ್ನೂ ಬರೆಸಿದರು.

ಎರಡೂವರೆಗೆ ಮೆಕ್ಯಾನಿಕ್ಕನ ಅಂಗಡಿ. ಅಲ್ಲಿದ್ದ ಮೂರು ಬೈಕುಗಳ ಸ್ಕ್ರೂಗಳು ಒಂದೊಂದು ದಿಕ್ಕಿಗೆ ಒಂದೊಂದು ಮುಖ ಮಾಡಿದ್ದವು.

"ಸ್ಕ್ರೂ ನೆಟ್ಟಗೆ ನಿಲ್ಲಿಸೋ ಅಭ್ಯಾಸ ನಿನಗಿಲ್ವಾ?"

"ಬಿಗಿಯಾದ್ರೆ ಸಾಕಲ್ವಾ ಸಾರ್? ಹಂಗೆ ನಿಲ್ಲಿಸೋದು..." ಎಂದವನು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ.

"ಹಂಗೆ ನಿಲ್ಲಿಸೋದು ಯಾರು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಜೈಲಿಗೆ ಹೋಗೋನು ನೀನು."

"ಹೋಗ್ತೀನಿ ಬಿಡಿ."

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಹೋಗ್ತಾರಂತೆ, ನೆಂಟರ ಮನೆ ನೋಡಿ! ಅಂಗಡಿ ಹಾಕಿ ಎಂಟು ತಿಂಗಳಾಗಿಲ್ಲ. ಸಾರ್, ಇವರಿಗೆ ಕೆಲಸ ಕಲಿಸಿದ್ದು ಇವರ ಅಣ್ಣ, ನಮ್ಮ ಭಾವನೋರು. ಎದುರಿಗೇ ಅವರ ಅಂಗಡಿ. ಇನ್ನೇನೂ ನನ್ನ ಕೇಳ್ಬೇಡಿ."

ಈ ಅಣ್ಣನನ್ನು ಊರು ಕಿವಿ ಮೇಸ್ತ್ರಿ ಎಂದು ಕರೆಯುತ್ತಿತ್ತು. ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಎದುರಂಗಡಿಯ ಗೋಡೆಯ ಮೇಲೆ ಅವನ ಸ್ಕ್ರೂಡ್ರೈವರುಗಳು ಉದ್ದದ ಪ್ರಕಾರ ತೂಗಿದ್ದವು. ಅಂಗಡಿಯಲ್ಲಿದ್ದದ್ದು ಒಂದೇ ಬೈಕು. ಅದರ ಬಟ್ಟಲಿನ ನಾಲ್ಕು ಸ್ಕ್ರೂಗಳೂ ನೆಟ್ಟಗಿದ್ದವು.

ನಾಲ್ಕು ಹತ್ತಕ್ಕೆ ಅಂಚೆಕಚೇರಿಯ ಗುಮಾಸ್ತನ ಹೇಳಿಕೆ ಪಡೆಯಲಾಯಿತು. ಸೋಮವಾರ ಅಂಚೆಯವನು ಒಳಗೆ ಊಟಕ್ಕೆ ಕೂತಾಗ ಮೇಸ್ತ್ರಿ ಇಪ್ಪತ್ತು ನಿಮಿಷ ಆ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ತಮ್ಮನ ಕೆಲಸ ಪರೀಕ್ಷೆ ಮಾಡ್ತಿದ್ದಾನೆ ಅಂದ್ಕೊಂಡೆ ಸಾರ್."

ಐದೂವರೆಗೆ ಮೇಸ್ತ್ರಿಯನ್ನು ಬಂಧಿಸಿದರು. ಅವನು ವಾದ ಮಾಡಲಿಲ್ಲ.

"ಸುಡಬೇಕು ಅಂತಲೇ ಮಾಡಿದ್ಯಾ?"

"ಇಲ್ಲ ಸಾರ್. ಪೆಟ್ರೋಲು ಉಕ್ಕಿ ಗಾಡಿ ನಿಲ್ಲುತ್ತೆ, ನೂಕ್ಕೊಂಡು ನನ್ನ ಹತ್ರ ಬರ್ತಾನೆ ಅಂದ್ಕೊಂಡೆ."

"ಮಾಡಿದ್ದು ಕೆಡಿಸೋ ಕೆಲಸ. ಅದಕ್ಕೆ ಸ್ಕ್ರೂ ಯಾಕೆ ನೆಟ್ಟಗೆ ನಿಲ್ಲಿಸ್ದೆ?"

ಮೇಸ್ತ್ರಿ ತನ್ನ ಬಲಗೈ ನೋಡಿಕೊಂಡ. "ನಿಲ್ಲಿಸಿದ್ದು ನನಗೆ ಗೊತ್ತೇ ಆಗ್ಲಿಲ್ಲ."

ಹೇಳಿಕೆಯ ಕೊನೆಯ ಭಾಗವನ್ನು ಅವನು ನಿಧಾನವಾಗಿ ಬರೆಸಿದ. ಹದಿನಾರು ವರ್ಷ ಆ ಗಾಡಿಯ ರಿಪೇರಿ ಅವನ ಕೈಯಲ್ಲೇ ಇತ್ತು. "ಭಾನುವಾರ ಸಂಜೆ ಅಂಚೆಯವನು ನನ್ನ ಅಂಗಡಿ ಮುಂದೆ ನಿಲ್ಲಿಸ್ದ. ಎಂಜಿನ್ ಆರಿಸಲಿಲ್ಲ. 'ಕೇಳು ಮೇಸ್ತ್ರಿ, ನಿನ್ನ ತಮ್ಮನ ಕೈಗುಣ' ಅಂದ. ಕೇಳಿದೆ. ಎಲ್ಲಿಯೂ ಒಂದು ತಪ್ಪಿರಲಿಲ್ಲ. ಚೂರು ತಪ್ಪಿದ್ರೂ ನಾನೇ ಪುಕ್ಕಟೆ ಸರಿಮಾಡಿ ಕೊಡ್ತಿದ್ದೆ ಸಾರ್."

ಆಗ ಠಾಣೆಯ ಹೊರಗೆ ಬೈಕೊಂದು ಬಂದು ನಿಂತಿತು. ಯಾರೂ ಕಿಟಕಿಯತ್ತ ತಿರುಗುವ ಮೊದಲೇ ಮೇಸ್ತ್ರಿಯ ತಲೆ ವಾಲಿತ್ತು.

"ತಮ್ಮ ಬಂದ," ಎಂದ.