ಬುಡ ಸಮೇತ

ಚನ್ನಮಲ್ಲಪ್ಪ ತನ್ನ ಜಮೀನಿನಲ್ಲಿ ಎರಡು ಬಾವಿ ತೋಡಿಸಿದ್ದ. ಎರಡೂ ಒಣ ಗುಂಡಿ. ನೀರು ನೋಡುವವನು ಕೈಯಲ್ಲಿ ಕವೆಗೋಲು ಹಿಡಿದು ನಡೆದು, ಗಡಿಕಲ್ಲು ದಾಟಿ ಆರು ಹೆಜ್ಜೆ ಆಚೆ ನಿಂತ. ಅದು ಪಕ್ಕದ ಲಿಂಗಮ್ಮನ ನೆಲ. ಅಷ್ಟು ಜಾಗ ಕೊಡಿ ಎಂದರೆ ಅವಳ ಗಂಡ ಕೊಡಲಿಲ್ಲ. ಚನ್ನಮಲ್ಲಪ್ಪನ ಹೆಂಡತಿ ಹನ್ನೊಂದು ವರ್ಷ ಹೊಳೆಯಿಂದಲೇ ನೀರು ಹೊತ್ತು, ಹೋದ ಬೇಸಿಗೆಯಲ್ಲಿ ಸತ್ತಳು. ಅವನಿಗೆ ಅಳು ಬರಲಿಲ್ಲ. ಬಾವಿ ಬೇಕು ಅನ್ನಿಸಿತು, ಅಷ್ಟೆ.

ದಾರಿ ತೋರಿಸಿದ್ದು ಸರ್ಕಾರ. ಜಮೀನಿನ ಲಂಟಾನ ಕಳೆಯನ್ನು ಮಾಲೀಕರೇ ಬುಡ ಸಮೇತ ಕಿತ್ತು ಸುಡಬೇಕು, ಇಲ್ಲದಿದ್ದರೆ ದಂಡ ಎಂದು ಶಿರಂಗಾಲದ ಮನೆಮನೆಗೆ ನೋಟೀಸು ಬಂತು. ಆ ಹೊತ್ತಿಗೆ ಲಿಂಗಮ್ಮ ವಿಧವೆ. ಗಡಿಯ ಉದ್ದಕ್ಕೂ ಆಳೆತ್ತರದ ಪೊದೆ. ಅದರೊಳಗೆ ಕಲ್ಲು ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ನಿಮ್ ಕಡೇದೂ ನಾನೇ ಕಿತ್ತಾಕ್ತೀನಿ ಬಿಡು ತಾಯಿ," ಎಂದ ಚನ್ನಮಲ್ಲಪ್ಪ.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣಣ್ಣ," ಎಂದಳು ಅವಳು. ಮಜ್ಜಿಗೆಯನ್ನೂ ಕೊಟ್ಟಳು. ಅವನು ಕುಡಿದ.

ಹೊರಗಿನ ಪೊದೆಯನ್ನು ಮರೆಗೆ ಬಿಟ್ಟುಕೊಂಡು ಒಳಗಿನಿಂದ ಸವರುತ್ತ ಬಂದ. ಮೂರನೆಯ ದಿನ ಕಲ್ಲು ಸಿಕ್ಕಿತು. ಮೂವತ್ತು ವರ್ಷದ ಹಿಂದೆ ಎರಡೂ ಮನೆಯ ಹಿರಿಯರು ಸೇರಿ ನೆಟ್ಟದ್ದು. ಕಲ್ಲಿನಡಿ ಇದ್ದಲು ಹಾಕುವುದು ವಾಡಿಕೆ. ಇದ್ದಲು ಕೊಳೆಯುವುದಿಲ್ಲ, ತಕರಾರು ಬಂದರೆ ಅದೇ ಸಾಕ್ಷಿ. ದಡ್ಡನಾದರೆ ಕಲ್ಲನ್ನಷ್ಟೇ ಎತ್ತುತ್ತಿದ್ದ. ಚನ್ನಮಲ್ಲಪ್ಪ ಇದ್ದಲಿನ ಒಂದೊಂದು ಚೂರನ್ನೂ ಟವೆಲಿಗೆ ಆರಿಸಿಕೊಂಡ. ಲಿಂಗಮ್ಮನ ನೆಲದೊಳಕ್ಕೆ ಹತ್ತು ಹೆಜ್ಜೆ ಆಚೆ ಹೊಸ ಗುಂಡಿ ತೋಡಿದ. ತಳದಲ್ಲಿ ಒಂದು ದಪ್ಪ ಬೇರು ಅಡ್ಡ ಬಂತು, ಕತ್ತಿಯಿಂದ ಕಡಿದ. ಇದ್ದಲು ಸುರಿದು, ಪಾಚಿಯ ಮುಖ ಮೊದಲಿನಂತೆ ಪಡುವಣಕ್ಕೇ ಬರುವ ಹಾಗೆ ಕಲ್ಲು ನಿಲ್ಲಿಸಿದ. ಹಳೆಯ ಗುಂಡಿ ಮುಚ್ಚಿ, ಅದರ ಮೇಲೆಯೇ ಲಂಟಾನ ರಾಶಿ ಹಾಕಿ ಸುಟ್ಟ. ಅಳತೆಯವರು ಬಂದರೂ ಕಲ್ಲಿನಿಂದಲೇ ತಾನೆ ಅಳೆಯುವುದು. ಸಂತೋಷವಾಗುತ್ತದೆಂದು ಕಾದ. ಆಗಲಿಲ್ಲ. ಮನೆಗೆ ಹೋಗಿ ಉಂಡು ಮಲಗಿದ.

ಮೊದಲ ಮಳೆ ಬಿದ್ದ ಮೇಲೆ ಕಂದಾಯದ ಪಾರುಪತ್ಯಗಾರ ಬೆಳ್ಯಪ್ಪ ಜವಾನ ಮಾರಿಯೊಂದಿಗೆ ತನಿಖೆಗೆ ಬಂದರು. ಗಡಿಯ ಬಗ್ಗೆ ಅವರು ಕೇಳಲೂ ಇಲ್ಲ. ಅವರು ನೋಡಬೇಕಾಗಿದ್ದದ್ದು ಲಂಟಾನ ಮತ್ತೆ ಚಿಗುರಿದೆಯೋ ಎಂದು, ಅಷ್ಟೆ. ಎರಡು ಜಮೀನಿನಲ್ಲೂ ಒಂದು ಕಡ್ಡಿ ಇರಲಿಲ್ಲ. "ಊರಿಗೇ ಮಾದರಿ," ಎಂದರು. ಲಿಂಗಮ್ಮ ತಲೆಯಾಡಿಸಿದಳು.

ಹೊರಡುವಾಗ ಬೆಳ್ಯಪ್ಪ ಗಡಿಕಲ್ಲಿನ ಬುಡದಲ್ಲಿ ಬಗ್ಗಿದರು. ಎರಡೆಲೆಯ ಚಿಗುರು. ಚನ್ನಮಲ್ಲಪ್ಪ ಚಿವುಟಿ ಎಸೆದ. "ಚಿವುಟಿದ್ರೆ ಸಾಯ್ತದಾ ಇದು? ಬುಡ ಸಮೇತ ಅಂತ ಕಾಯಿದೆ," ಎಂದು ಅವರು ಮಾರಿಯಿಂದ ಕಲ್ಲು ವಾಲಿಸಿದರು. ಅಡಿಯಲ್ಲಿ ಇದ್ದಲಿತ್ತು. ಇದ್ದಲು ಸರಿಸಿದರೆ ಮುಂಗೈ ದಪ್ಪದ ಬೇರು, ಕತ್ತಿಯಿಂದ ನುಣ್ಣಗೆ ಕಡಿದದ್ದು, ಕಡಿದ ಕಡೆ ಇನ್ನೂ ಹಸಿ. ಲಿಂಗಮ್ಮ ಬಗ್ಗಿ ಆ ಕಡಿತವನ್ನು ಬೆರಳಿನಿಂದ ಮುಟ್ಟಿದಳು. ಮೆಲ್ಲಗೆ ಕೇಳಿದಳು: "ಅಣ್ಣ, ಮೂವತ್ ವರ್ಷದ್ ಕಲ್ಲಿನಡೀಲಿ ಕತ್ತಿ ಹೆಂಗ್ ಆಡಿಸ್ದೆ?"