ಮೊದಲು ದಾರಿ, ಆಮೇಲೆ ಶಾರ್ಟ್‌ಕಟ್

"ಈ ಪುಟ ಬರೆದವರು ಯಾರು?"

ಬಾಗಿಲಲ್ಲಿ ನಿಂತವನ ದನಿ ಜೋರಾಗೇನೂ ಇರಲಿಲ್ಲ. ಆದರೂ ಅವಳ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯವರೆಗೆ ಹೋಗದೆ ಅರ್ಧದಲ್ಲೇ ನಿಂತಿತು.

"ನಾನೇ. ಯಾಕೆ?"

"ಇಲ್ಲಿ ಬರೆದಿರೋದನ್ನ ನಿಮ್ಮ ಮುಂದೇನೇ ಮಾಡಿ ನೋಡ್ಲಾ?"

"ಮಾಡಿ, ಯಾರು ಬೇಡ ಅಂದ್ರು?"

ಅವನು ಬಂದು ಅವಳ ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಬಗ್ಗಿದ. ಪಕ್ಕದಲ್ಲಿ ಕುರ್ಚಿ ಖಾಲಿ ಇತ್ತು.

"ಕೂತ್ಕೊಂಡು ಮಾಡ್ಬಾರದಾ?"

"ನೀವು ಕೂತ್ಕೋ ಅನ್ಲಿಲ್ಲ," ಎಂದ ಅವನು. ತಮಾಷೆ ಮಾಡುತ್ತಿದ್ದಾನೋ ನಿಜವಾಗಿ ಹೇಳುತ್ತಿದ್ದಾನೋ ಮುಖ ನೋಡಿದರೆ ಒಂದಿಷ್ಟೂ ತಿಳಿಯುವಂತಿರಲಿಲ್ಲ!

ಅದು ದರ್ಜಿಗಳಿಗಾಗಿ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ. ಬಟ್ಟೆ ಕತ್ತರಿಸುವ ಮುನ್ನ ಅಂಗಿಯ ನಕ್ಷೆಯನ್ನು ತೆರೆಯ ಮೇಲೆ ಬಿಡಿಸಿಕೊಳ್ಳುವ ಸಾಫ್ಟ್‌ವೇರ್. ದಾರಿ ತಿಳಿಯದವರು ಸಹಾಯದ ಗುಂಡಿ ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಆ ಪುಟಗಳನ್ನೆಲ್ಲ ಬರೆಯುವವಳು ಅವಳು. ಅವನು ಹೊಸದಾಗಿ ಸೇರಿದ ಟೆಸ್ಟರ್, ಎಲ್ಲವನ್ನೂ ಮಾಡಿ ನೋಡಿ ತಪ್ಪು ಹುಡುಕುವವನು.

"ತೋಳನ್ನು ತಿರುಗಿಸಲು: ಕಂಟ್ರೋಲ್, ಶಿಫ್ಟ್, ಎಂ," ಎಂದು ಅವನು ಓದಿದ. ಕಂಟ್ರೋಲ್ ಒತ್ತಿ ಬಿಟ್ಟ. ಶಿಫ್ಟ್ ಒತ್ತಿ ಬಿಟ್ಟ. ಎಂ ಒತ್ತಿದ. ತೆರೆಯ ಮೇಲಿನ ಅಂಗಿಯ ತೋಳು ಇದ್ದಲ್ಲೇ ಇತ್ತು.

"ಅಯ್ಯೋ, ಮೂರನ್ನೂ ಒಟ್ಟಿಗೆ ಒತ್ತಬೇಕು ರೀ! ಅಷ್ಟೂ ಗೊತ್ತಿಲ್ವಾ?"

"ನನಗೆ ಗೊತ್ತು. ಪುಟಕ್ಕೆ ಗೊತ್ತಿಲ್ಲ."

ಅವಳ ಕಿವಿ ಕೆಂಪಾಯಿತು. ಎಂಥಾ ಕೊಬ್ಬು ಇವನಿಗೆ! ಎಂದುಕೊಂಡಳು. ಆದರೆ ಅವನು ಹೋದ ಮೇಲೆ ಸದ್ದಿಲ್ಲದೆ ಆ ಸಾಲನ್ನು ತಿದ್ದಿದಳು. ತಿದ್ದುವಾಗ ನಗುವೂ ಬಂತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಆಫೀಸಿನವರು ಅವನಿಗೆ 'ಹೇಳಿದಷ್ಟೇ' ಎಂದು ಹೆಸರಿಟ್ಟುಬಿಟ್ಟರು. ಪುಟದಲ್ಲಿ ಏನಿದೆಯೋ ಅಷ್ಟನ್ನೇ ಮಾಡುವುದು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಇದು ಅವನ ಕೆಲಸದ ರೀತಿ. ಕೆಲಸದ ರೀತಿ ನಿಧಾನವಾಗಿ ಮನುಷ್ಯನ ಮೈಗೂ ಹತ್ತಿಬಿಡುತ್ತದಲ್ಲ!

ದಿನಾ ಮಧ್ಯಾಹ್ನ ಅವನು ಅವಳ ಮೇಜಿಗೆ ಬರುತ್ತಿದ್ದ, ದಿನಾ ಅದೇ ಜಗಳ.

"ಬರೀ ಶಾರ್ಟ್‌ಕಟ್ ಕೊಟ್ಟಿದ್ದೀರ. ಮೆನು ಎಲ್ಲಿ? ಯಾವ ಮೆನು ತೆರೀಬೇಕು, ಅದರೊಳಗೆ ಯಾವ ಆಜ್ಞೆ ಆರಿಸ್ಬೇಕು, ಅದನ್ನ ಮೊದಲು ಹೇಳಿ. ಪಕ್ಕದಲ್ಲಿ ಶಾರ್ಟ್‌ಕಟ್ ಹಾಕಿ."

"ಅಷ್ಟುದ್ದ ಯಾರ್ರೀ ಓದ್ತಾರೆ? ಮೂರು ಕೀ ಒತ್ತಿದ್ರೆ ಕೆಲಸ ಮುಗೀತು!"

"ಗೊತ್ತಿರೋರಿಗೆ ಮುಗೀತು. ಗೊತ್ತಿಲ್ಲದೋರು?"

ಜಗಳ ಹೌದು. ಆದರೆ ಮಧ್ಯಾಹ್ನವಾಗುತ್ತಿದ್ದಂತೆ ಅವಳ ಕಣ್ಣು ಬಾಗಿಲ ಕಡೆ ಹೋಗುವುದು ಯಾಕೆ? ಪಕ್ಕದ ಕುರ್ಚಿಯ ಮೇಲೆ ಬೇರೆ ಯಾರಾದರೂ ಕೂತರೆ ಸಿಟ್ಟು ಬರುವುದು ಯಾಕೆ? ಆ ಕುರ್ಚಿಯನ್ನು ಒರೆಸಿ ಇಡುತ್ತಿದ್ದಳು. ಎರಡು ಲೋಟ ಕಾಫಿ ತರಿಸುತ್ತಿದ್ದಳು. ಇಷ್ಟಾದರೂ ಅರ್ಥವಾಗಬೇಡವೇ ಮನುಷ್ಯನಿಗೆ?

ಅವನು ಕಾಫಿ ಕುಡಿದು, "ಥ್ಯಾಂಕ್ಸ್," ಎಂದು ಎದ್ದು ಹೋಗುತ್ತಿದ್ದ. ಕಲ್ಲು... ಬರೀ ಕಲ್ಲು!

ಹೊಸ ಆವೃತ್ತಿ ಹೊರಬೀಳುವ ವಾರ ಬಂತು. ಮೀಟಿಂಗಿನಲ್ಲಿ ಮ್ಯಾನೇಜರ್ ಮೇಡಂ ಅವನ ವರದಿ ತೆರೆದು ಓದಿದರು. ಸಹಾಯ ಪುಟಗಳು, ಅಷ್ಟೂ ಫೇಲ್.

"ವಾರದೊಳಗೆ ಸರಿಹೋಗ್ದಿದ್ರೆ ಸಹಾಯ ಪುಟಗಳೇ ಬೇಡಮ್ಮ. ತೆಗೆದುಹಾಕೋಣ," ಎಂದರು ಮೇಡಂ.

ಎರಡು ವರ್ಷದ ಕೆಲಸ! ಮೀಟಿಂಗ್ ಮುಗಿದದ್ದೇ ಅವಳು ಅವನ ಹಿಂದೆಯೇ ಹೊರಗೆ ಬಂದಳು. ವೆರಾಂಡದಲ್ಲಿ ಅವನನ್ನು ಅಡ್ಡಗಟ್ಟಿದಳು.

"ನನ್ನ ಕಾಫಿ ಕುಡಿದು ನನಗೇ ಗುಂಡಿ ತೋಡಿದ್ರಾ?"

"ಪುಟ ನೋಡಿ ಬರೆದೆ. ನಿಮ್ಮನ್ನ ನೋಡಿ ಬರೆದಿದ್ರೆ ಅಷ್ಟೂ ಪಾಸಾಗ್ತಿತ್ತು."

ಆ ಮಾತಿನಲ್ಲಿ ಏನಿತ್ತೆಂದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಮೆನು ಮೆನು ಅಂತ ಪ್ರಾಣ ತಿಂತೀರಲ್ಲ, ನಾನು ಯಾರಿಗೋಸ್ಕರ ಶಾರ್ಟ್‌ಕಟ್ ಬರೆದೆ ಅಂತ ಗೊತ್ತಾ? ನನ್ನಕ್ಕ ದರ್ಜಿ. ಬಲಗೈ ಮಣಿಕಟ್ಟು ಮುರಿದ ಮೇಲೆ ಮೌಸ್ ಹಿಡಿಯೋಕೇ ಆಗಲ್ಲ ಅವಳಿಗೆ. ಮೆನು ಇಟ್ಕೊಂಡು ಏನು ಮಾಡ್ತಾಳೆ? ಬೇಕಿದ್ರೆ ಹೋಗಿ ಅವಳನ್ನೇ ಕೇಳಿ!"

"ಅಂಗಡಿ ಎಲ್ಲಿದೆ?"

ಅಣಕಿಸುತ್ತಿದ್ದಾನೆ! ಅವಳ ಕಣ್ಣಲ್ಲಿ ನೀರು ತುಂಬಿತು.

"ಅಂಚೆ ಕಚೇರಿ ಹಿಂದೆ! ಹೋಗಿ! ಮತ್ತೆ ನಾನಾಗಿ ಕರೆಯೋವರೆಗೂ ನನ್ನ ಮೇಜಿನ ಹತ್ರ ಸುಳೀಬೇಡಿ!"

"ಸರಿ," ಎಂದ ಅವನು.

ಮರುದಿನ ಮಧ್ಯಾಹ್ನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನೀರು ಕುಡಿಯಲು ಹೋಗಬೇಕೆಂದರೆ ಅವಳ ಮೇಜು ದಾಟಬೇಕು. ಅವನು ಮೆಟ್ಟಿಲಿಳಿದು, ಕೆಳಗಿನ ಅಂತಸ್ತು ಸುತ್ತಿ, ಆ ಕಡೆಯ ಮೆಟ್ಟಿಲು ಹತ್ತಿ ಬಂದು ಬಾಟಲಿ ತುಂಬಿಸಿಕೊಳ್ಳುತ್ತಿದ್ದ. ಇಡೀ ಆಫೀಸು ಮುಸಿಮುಸಿ ನಗುತ್ತಿತ್ತು.

ಅವಳಿಗೆ ಮಾತ್ರ ನಗು ಬರಲಿಲ್ಲ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ಸಾಲು ಬರೆದು ಅಳಿಸುವಳು, ಅದೇ ಸಾಲನ್ನು ಮತ್ತೆ ಬರೆಯುವಳು. ಕರೆದುಬಿಡಲೇ? ಛೆ, ನಾನ್ಯಾಕೆ ಕರೆಯಲಿ! ಕರೆಯದಿದ್ದರೆ ಬರುವುದೇ ಇಲ್ಲವಲ್ಲ... ಬರದಿದ್ದರೆ ಬೇಡ. ಅಯ್ಯೋ, ಬರದಿದ್ದರೆ ಹೇಗೆ?

ವಾರದ ಕೊನೆಯ ದಿನ ಅವನು ಮೆಟ್ಟಿಲ ಬಳಿ ಸಿಕ್ಕಿದ. ಅವಳ ಮೇಜು ಅಲ್ಲಿಂದ ದೂರವಿತ್ತು, ಹಾಗಾಗಿ ಅವನು ನಿಂತು ಮಾತಾಡಿದ.

"ಆಚೆ ಊರಿನ ಶಾಖೆಗೆ ಕರೀತಿದ್ದಾರೆ. ಇವತ್ತು ಸಂಜೆಯೊಳಗೆ ಮೇಡಂಗೆ ಹೇಳ್ಬೇಕು." ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಿದ. "ನೀವೇನಂತೀರಿ?"

ಬೇಡ ಎನ್ನು, ಹೋಗಬೇಡ ಎನ್ನು... ಮನಸ್ಸು ಕೂಗುತ್ತಿತ್ತು. ಆದರೆ ಬಾಯಿ?

"ನಂದೇನಿದೆ ಅದ್ರಲ್ಲಿ? ಹೋಗೋದಾದ್ರೆ ಹೋಗಿ."

ಅವನು ಅವಳನ್ನೇ ನೋಡಿದ.

"ಸರಿ."

ಆ 'ಸರಿ' ಕೇಳಿದ ಮೇಲೆ ಅವಳಿಗೆ ಒಂದು ಸಾಲೂ ಬರೆಯಲಾಗಲಿಲ್ಲ. ತಲೆನೋವೆಂದು ಹೇಳಿ ಎದ್ದಳು. ಕಾಲುಗಳು ನೇರವಾಗಿ ಅಕ್ಕನ ಅಂಗಡಿಗೆ ಬಂದು ನಿಂತವು.

"ಏನೇ ಇದು, ಹಗಲು ಹೊತ್ತಲ್ಲಿ? ಮುಖ ಯಾಕೆ ಹಿಂಗಿದೆ?" ಅಕ್ಕ ಎಡಗೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

ಅಷ್ಟರಲ್ಲಿ ಅವಳ ಕಣ್ಣು ಅಂಗಡಿಯ ಕಂಪ್ಯೂಟರಿನ ಮೇಲೆ ಬಿತ್ತು. ತೆರೆಯ ಸುತ್ತ ಅಕ್ಕ ಶಾರ್ಟ್‌ಕಟ್ ಬರೆದು ಅಂಟಿಸಿದ್ದ ಚೀಟಿಗಳು ಕಾಣೆ. ಅಂಟಿನ ಕಲೆ ಮಾತ್ರ ಉಳಿದಿತ್ತು.

"ಚೀಟಿಗಳೆಲ್ಲ ಎಲ್ಲಕ್ಕಾ?"

"ಕಿತ್ತು ಹಾಕಿದೆ. ಇನ್ನು ಬೇಡ ಕಣೇ. ಇಲ್ನೋಡು!"

ಅಕ್ಕ ಎಡಗೈಯಿಂದ ಆಲ್ಟ್ ಕೀ ಒತ್ತಿದಳು. ಬಾಣದ ಕೀ ಒತ್ತುತ್ತ 'ನಕ್ಷೆ' ಮೆನುಗೆ ಬಂದಳು. ಮೆನು ಪರದೆಯಂತೆ ಕೆಳಗಿಳಿಯಿತು. ಇನ್ನೂ ಕೆಳಗೆ ಹೋದರೆ 'ತೋಳು ತಿರುಗಿಸು' ಎಂದಿತ್ತು, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಅದರ ಶಾರ್ಟ್‌ಕಟ್. ಮೌಸ್ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು.

"ದಿನಾ ಮೆನುನಲ್ಲೇ ಹೋಗ್ತೀನಿ. ಪಕ್ಕದಲ್ಲಿ ಕಣ್ಣಿಗೆ ಬಿದ್ದೂ ಬಿದ್ದೂ ಶಾರ್ಟ್‌ಕಟ್ ತಾನೇ ನೆನಪಲ್ಲಿ ಕೂತುಬಿಟ್ಟಿದೆ."

ಅವಳು ಸ್ಟೂಲನ್ನು ತೆರೆಯ ಹತ್ತಿರ ಎಳೆದುಕೊಂಡು ಕೂತಳು. ಮೌಸ್ ಇಲ್ಲದೆ ಮೆನು ತೆರೆಯಬಹುದೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಬರೆಯಲು ಕೂತಾಗಲೆಲ್ಲ ಮೆನು ಎಂದರೆ ಮೌಸ್ ಎಂದೇ ತಲೆಯಲ್ಲಿ ಕೂತುಬಿಟ್ಟಿತ್ತು.

"ಮೊದಲು ಕಷ್ಟ ಆಗ್ತಿತ್ತಾ ಅಕ್ಕ?"

"ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಮಂಗಮಾಯ! ಒಂದ್ಸಲ ತೋಳು ತಿರುಗಿಸೋಕೆ ಹೋಗಿ ಗಿರಾಕಿ ಕೋಟಿನ ನಕ್ಷೇನೇ ಅಳಿಸಿಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?"

"ನನಗೋಸ್ಕರ ಬರೆದೆ ಅಂತ ಎಷ್ಟು ಖುಷಿಯಾಗಿದ್ದೆ ನೀನು... ಹೇಳೋಕೆ ಬಾಯೇ ಬರ್ಲಿಲ್ಲ ಮರಿ."

ಅವಳು ಅಕ್ಕನ ಸೊಟ್ಟ ಮಣಿಕಟ್ಟನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

"ಯಾರು ಹೇಳಿಕೊಟ್ಟಿದ್ದು ಇದನ್ನ?"

"ನಿಮ್ಮ ಆಫೀಸಿನವನೇ. 'ಹೋಗಿ ಕೇಳಿ ಅಂದ್ರು, ಅದಕ್ಕೆ ಕೇಳೋಕೆ ಬಂದೆ,' ಅಂದ. ಬಲಗೈನ ಬೆನ್ನ ಹಿಂದೆ ಇಟ್ಕೊಂಡು ಕೂತು ಎಲ್ಲಾನೂ ಮಾಡಿ ನೋಡಿದ. ದಿನಾ ಮಧ್ಯಾಹ್ನ ಬರ್ತಾನೆ." ಅಕ್ಕ ಓರೆಗಣ್ಣಿನಿಂದ ನೋಡಿದಳು. "ಇದನ್ನ ನನ್ನ ತಂಗಿಗೆ ಹೇಳಪ್ಪ ಅಂದೆ. 'ಕರೆಯೋವರೆಗೂ ಬರಬೇಡ ಅಂದಿದ್ದಾರೆ, ಕಾಯ್ತಿದ್ದೀನಿ,' ಅಂದ. ನೀನು ಕರೀಲೇ ಇಲ್ವಾ?"

ಕರೆಯಲಿಲ್ಲ. ಅಷ್ಟೇ ಅಲ್ಲ... ಹೋಗಿ ಎಂದಳು!

ಹೇಳಿದ್ದನ್ನು ಹೇಳಿದಂತೆ ಮಾಡುವವನಿಗೆ, ಹೋಗಿ ಎಂದಳು!

ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಓಡಿದಳು. ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಮಧ್ಯೆ ನುಗ್ಗಿದಳು. ಲಿಫ್ಟು ಮೇಲೆಲ್ಲೋ ಸಿಕ್ಕಿಕೊಂಡಿತ್ತು, ಮೆಟ್ಟಿಲು ಹತ್ತಿದಳು. ದೇವರೇ, ಇನ್ನೂ ಹೇಳಿರದಿರಲಿ...

ಅವನು ಮೇಡಂ ಕೋಣೆಯ ಬಾಗಿಲು ತಟ್ಟಲು ಕೈ ಎತ್ತಿದ್ದ.

"ನಿಲ್ಲಿ!"

ಅವನು ನಿಂತ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಕೈ ಇಳಿಸಿ," ಎಂದಳು ಏದುಸಿರಿನಲ್ಲೇ. ಇಳಿಸಿದ. "ಏನು ಹೇಳೋಕೆ ಹೊರಟಿದ್ರಿ?"

"ಹೋಗ್ತೀನಿ ಅಂತ. ನೀವೇ ಅಂದ್ರಲ್ಲ."

"ಬಾಯಲ್ಲಿ ಬಂದಿದ್ದೇ ಮಾತಾ? ಕುರ್ಚಿ ಒರೆಸಿ ಇಟ್ಟೆ, ಕಾಫಿ ತರಿಸ್ದೆ... ಅದೆಲ್ಲ ಏನು ಅಂತ ಅರ್ಥ ಆಗ್ಲಿಲ್ವಾ ನಿಮಗೆ?"

ಅವನ ಮುಖ ಮೊದಲ ಬಾರಿಗೆ ಬದಲಾಯಿತು.

"ನಾನೇನು ಕಲ್ಲಲ್ಲ ರೀ. ದಿನಾ ರಾತ್ರಿ ಊಹೆ ಮಾಡ್ತಿದ್ದೆ. ಇದು ಪ್ರೀತೀನಾ, ಬರೀ ಒಳ್ಳೇತನಾನಾ ಅಂತ. ಬೇರೆ ಯಾವುದ್ರಲ್ಲಿ ಊಹೆ ತಪ್ಪಾದ್ರೂ ತಿದ್ಕೋಬಹುದು. ಇದ್ರಲ್ಲಿ ತಪ್ಪಾಗಿಬಿಟ್ರೆ... ನಿಮ್ಮ ಪಕ್ಕದ ಆ ಕುರ್ಚೀನೂ ಹೋಗ್ಬಿಡುತ್ತಲ್ಲ." ಅವನು ಅವಳ ಮೇಜಿನ ಕಡೆ ಕೈ ತೋರಿಸಿದ. "ನೀವು ಯಾವಾಗ್ಲೂ ಶಾರ್ಟ್‌ಕಟ್ಟೇ ಕೊಟ್ರಿ. ನನಗೆ ದಾರಿ ಗೊತ್ತಿರ್ಲಿಲ್ಲ."

ಇಡೀ ಆಫೀಸು ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಗಿಹಿಡಿದಿತ್ತು. ಮೇಡಂ ಕೂಡ ಬಾಗಿಲು ಸ್ವಲ್ಪ ತೆರೆದಿದ್ದರೆನ್ನಿ! ಅವಳಿಗೆ ಅದೊಂದೂ ಕಾಣಿಸಲಿಲ್ಲ.

"ಹಾಗಾದ್ರೆ ಪೂರ್ತಿ ದಾರಿ ಹೇಳ್ತೀನಿ, ಕೇಳಿ. ಮೊದಲು, ಮೇಡಂಗೆ ಹೋಗಲ್ಲ ಅಂತ ಹೇಳಿ. ಆಮೇಲೆ ನನ್ನ ಮೇಜಿನ ಹತ್ರ ಬನ್ನಿ. ನಾನೇ ಕರೀತಿದ್ದೀನಿ. ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ. ಪುಟಗಳನ್ನೆಲ್ಲ ಇಬ್ಬರೂ ಸೇರಿ ತಿದ್ದೋಣ, ಮೆನು ಮೊದಲು, ಶಾರ್ಟ್‌ಕಟ್ ಪಕ್ಕದಲ್ಲಿ. ಅದಾದ್ಮೇಲೂ ಎದ್ದು ಹೋಗ್ಬೇಡಿ. ಯಾಕಂದ್ರೆ..." ಇಲ್ಲಿ ಮಾತ್ರ ಮಾತು ನುಂಗಬಾರದು! "ಯಾಕಂದ್ರೆ ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವನು ತಿರುಗಿ, ತೆರೆದ ಬಾಗಿಲ ಸಂದಿಗೆ ಹೇಳಿದ: "ಮೇಡಂ, ನಾನು ಹೋಗಲ್ಲ."

"ಗೊತ್ತಾಯ್ತಪ್ಪ," ಎಂದಿತು ಒಳಗಿನಿಂದ ದನಿ. "ಪುಟಗಳು ಸೋಮವಾರ ಬೆಳಿಗ್ಗೆ ನನ್ನ ಮುಂದಿರ್ಲಿ."

ಅವನು ಬಂದ. ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಅವಳು ಕೂತಳು.

"ಹೇಳಿದ್ದೆಲ್ಲ ಮಾಡಿದೆ," ಎಂದ ಅವನು ಮೆಲ್ಲಗೆ. "ಮುಂದೆ?"

"ಮುಂದಿನದು ಬರೆದಿಲ್ಲ."

ಅವನು ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದ. ಆಮೇಲೆ, ಯಾರೂ ಹೇಳದೆಯೇ, ಅವಳ ಕೈ ಹಿಡಿದುಕೊಂಡ.

"ಸರೀನಾ?"

"ಪಾಸ್," ಎಂದಳು ಅವಳು.