ಕೆಂಪು ಟೇಪು, ಹಳದಿ ಟೇಪು

"ಯಾರ್ರೀ ಇದನ್ನ ಉಲ್ಟಾ ಇಟ್ಟವರು?"

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ, ಡ್ರಮ್ಮು, ಟೆಂಪೋ ಬಾಡಿಗೆಗೆ ಕೊಡುವ ಲಾಲ್ ಸಾಬರ ಗೋದಾಮಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಉದ್ದನೆಯ ಕೈ, ಅದಕ್ಕಿಂತ ಉದ್ದನೆಯ ಮುಖ. ನಾನು ಆಗಷ್ಟೇ ಇಡೀ ಡ್ರಮ್ ಸೆಟ್ ಸರಿಸಿ, ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದೆ.

"ಉಲ್ಟಾ ಅಲ್ಲರಿ, ಸೀದಾ ಮಾಡೀನಿ," ಎಂದೆ. "ಉಲ್ಟಾ ಇಟ್ಟವರು ನೀವು."

ಅವನು ನನ್ನ ಎಡಗೈಯಲ್ಲಿದ್ದ ಕಡ್ಡಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಓಹೋ, ಎಡಚಿ ಏನ್ರಿ?"

ಆ ಮಾತಿಗೆ ನಾನು ಬುದ್ಧಿ ಬಂದಾಗಿನಿಂದ ಸಿಟ್ಟಾಗುತ್ತ ಬಂದವಳು. ಅವತ್ತೂ ಆಗಬೇಕಿತ್ತು. ಆದರೆ ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಇನ್ನೊಂದು ಯಾಕೆ ಏಳುವುದಿಲ್ಲ ಎಂದು ನೋಡುತ್ತ ಕುಳಿತೆ, ಸಿಟ್ಟಾಗುವುದು ಮರೆತೇ ಹೋಯಿತು.

ಅವನು ಕಲ್ಮಲದ ಪ್ರಭುರಾಜ. ಮದುವೆ ಬ್ಯಾಂಡಿನಲ್ಲಿ ಬಾರಿಸಿ ಕೈ ಪಳಗಿಸಿಕೊಂಡವನು, ಈಗ 'ಕರಿಕಲ್ಲು' ಎಂಬ ಹಾರ್ಡ್ ರಾಕ್ ಬ್ಯಾಂಡಿನ ಡ್ರಮ್ಮರ್. ನಾನು ದೇವಿಕಾ. ಹಗಲು ರಾಯಚೂರಿನ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತೇನೆ, ಸಂಜೆ 'ಬಿರುಬಿಸಿಲು' ಬ್ಯಾಂಡಿಗೆ ಡ್ರಮ್ ಬಾರಿಸುತ್ತೇನೆ. ಹಾಡುವವಳು ನನ್ನ ಗೆಳತಿ ಮಿನಾಜ್. ಅವಳ ಗಂಟಲಿಗೆ ಮೈಕಿನ ಅಗತ್ಯವೇ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ಎರಡೂ ಬ್ಯಾಂಡು ಸೇರಿ ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಒಂದು ಟೂರ್ ಮಾಡುವುದೆಂದು ಮಾತಾಗಿತ್ತು. ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ. ಪೋಸ್ಟರಿನಲ್ಲಿ ಎರಡು ಹೆಸರೂ ಒಂದೇ ಅಳತೆ. ರಾಯಚೂರಿನಲ್ಲಿ ಅವರು ಕೊನೆಗೆ ಬಾರಿಸಿದರೆ ದೇವದುರ್ಗದಲ್ಲಿ ನಾವು ಕೊನೆಗೆ, ಮಾನ್ವಿಯಲ್ಲಿ ಟಾಸ್. ಇಷ್ಟೆಲ್ಲ ಸಮಸಮ ಮಾಡಿದವರು ಒಂದು ವಿಷಯ ಮರೆತರು. ಲಾಲ್ ಸಾಬರ ಹತ್ತಿರ ಇದ್ದದ್ದು ಒಂದೇ ಡ್ರಮ್ ಸೆಟ್, ಅದರ ಮುಂದೆ ಕೂರುವವರು ಒಬ್ಬ ಬಲಗೈಯವನು, ಒಬ್ಬಳು ಎಡಗೈಯವಳು.

ಹಾಗಾಗಿ ಒಂದು ಬ್ಯಾಂಡು ಇಳಿದು ಇನ್ನೊಂದು ಹತ್ತುವ ನಡುವೆ ಎಲ್ಲವನ್ನೂ ಅದಲು ಬದಲು ಮಾಡಬೇಕು. ಕಾಲಿನಿಂದ ಒತ್ತುವ ಜೋಡಿ ತಾಳ ಈ ಕಡೆಯಿಂದ ಆ ಕಡೆಗೆ, ಸಣ್ಣ ಡ್ರಮ್ಮುಗಳು ಆ ಕಡೆಯಿಂದ ಈ ಕಡೆಗೆ. ಕೆಳಗೆ ಹಾಸಿದ ಜಮಖಾನೆಯ ಮೇಲೆ ಯಾವ ಕಾಲು ಎಲ್ಲಿ ನಿಲ್ಲಬೇಕೆಂದು ಟೇಪು ಅಂಟಿಸಿದೆವು. ನನ್ನದು ಕೆಂಪು, ಅವನದು ಹಳದಿ.

ಆ ಬದಲಿಯ ಹೊತ್ತೇ ನಮಗಿದ್ದ ಹೊತ್ತು. ಅವನು ಬಾರಿಸುವಾಗ ನಾನು ಕೆಳಗೆ, ನಾನು ಬಾರಿಸುವಾಗ ಅವನು ಕೆಳಗೆ. ವೇದಿಕೆಯ ದೀಪ ಆರಿ, ಜನ ಚಹಾಕ್ಕೆ ಎದ್ದಾಗ ಮಾತ್ರ ಇಬ್ಬರೂ ಅದೇ ಜಮಖಾನೆಯ ಮೇಲೆ ಮೊಣಕಾಲೂರಿ ಕೂರುತ್ತಿದ್ದೆವು.

ರಾಯಚೂರಿನ ರಂಗಮಂದಿರದಲ್ಲಿ ಅವನು ಮೊಬೈಲಿನ ಬೆಳಕನ್ನು ಬಾಯಲ್ಲಿ ಕಚ್ಚಿಕೊಂಡು ಸ್ಕ್ರೂ ಬಿಗಿಯುತ್ತಿದ್ದ. ಮಾತಾಡಲು ಹೋಗಿ ಮೊಬೈಲು ನನ್ನ ಮಡಿಲಿಗೆ ಬಿತ್ತು. ಎತ್ತಿಕೊಟ್ಟೆ. ತೆಗೆದುಕೊಳ್ಳುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ನಿಂತಿತು. ಎದೆ ಬಡಿದುಕೊಂಡದ್ದು ಮಿನಾಜಳ ಮೈಕಿನಲ್ಲಿ ಕೇಳಿಸೀತು ಎಂದು ಹೆದರಿದೆ.

"ಬ್ಯಾಂಡೇಜ್ ಯಾಕ್ರಿ ಹೆಬ್ಬೆಟ್ಟಿಗೆ?" ಎಂದು ಕೇಳಿದೆ.

"ನಿಮ್ಮ ಲ್ಯಾಬಿಗೆ ಬರಾಕ ಒಂದು ನೆಪ ಬೇಕಿತ್ತು. ತಾನ ಕುಯ್ಕೊಂಡದ."

"ನಮ್ಮಲ್ಲಿ ರಕ್ತ ತಗೀತಾರ, ನಿಲ್ಸೂದಿಲ್ಲ."

"ಅದ ಹೆದರಿಕಿ," ಎಂದ. ಆ ಒಂದು ಹುಬ್ಬು ಮೇಲೆ ಹೋಯಿತು.

ದೇವದುರ್ಗದಲ್ಲಿ ಕಾಲೇಜು ಮೈದಾನ. ಅಲ್ಲಿಂದ ಅರಕೇರಾ ಹತ್ತಿರ, ಅದು ನನ್ನ ತಾಯಿಯ ತವರು. ಕುರಿಗಾರ ಮಂದಿ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ನನ್ನ ಸೋದರಮಾವ ಅಯ್ಯಪ್ಪ ಕಿವಿಗೆ ಟವೆಲ್ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದ. ಚಿಕ್ಕಂದಿನಲ್ಲಿ ಡೊಳ್ಳು ಕಲಿಸಿದವನು ಅವನೇ, ಎಡಗೈಯಲ್ಲಿ ಬಾರಿಸಿದರೆ ಗದರಿದವನೂ ಅವನೇ. ದೇವರ ಮುಂದೆ ಎಡಗೈ ಎತ್ತಬಾರದು, ಕೈ ತಿರುಗಿಸು ಎನ್ನುತ್ತಿದ್ದ. ಊಟದ ಎಲೆ ಮುಂದೆ, ಶಾಲೆಯ ಬೆಂಚಿನ ಮೇಲೆ, ಅಂಗಡಿಯಲ್ಲಿ ದುಡ್ಡು ಕೊಡುವಾಗ, ಎಲ್ಲೆಡೆ ಅದೇ ಮಾತು. ತಿರುಗಿಸಿ ತಿರುಗಿಸಿ ನನಗೆ ಸಾಕಾಗಿತ್ತು.

ಅಂದು ಕರಿಕಲ್ಲು ಮೊದಲು, ನಾವು ಕೊನೆಗೆ. ಬದಲಿಯ ಹೊತ್ತಿನಲ್ಲಿ ಪ್ರಭುರಾಜ ಬೇಕೆಂದೇ ತಡ ಮಾಡುತ್ತಿರುವುದು ನನಗೆ ಗೊತ್ತಾಯಿತು. ಬಿಗಿಯಾದ ಸ್ಕ್ರೂವನ್ನೇ ಸಡಿಲಿಸಿ ಮತ್ತೆ ಬಿಗಿಯುತ್ತಿದ್ದ. ನಾನೂ ಸರಿಯಾಗಿ ನಿಂತ ಡ್ರಮ್ಮನ್ನು ಎತ್ತಿ ಅಲ್ಲೇ ಇಡುತ್ತಿದ್ದೆ. ಇಬ್ಬರೂ ಕಳ್ಳರು, ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡಲೊಲ್ಲೆವು.

ಸಂಕೋಚ ಮುಚ್ಚಿಕೊಳ್ಳಲು ನಾನು ಗೊಣಗಿದೆ: "ಈ ತಿರುಗಿಸೂದು ಸಾಕಾಗ್ಯದ ನೋಡ್ರಿ. ಜನ್ಮೆಲ್ಲ ಇದ ಆತು. ಕೈ ಬಿದ್ದು ಹ್ವಾದವು."

ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ಕಣ್ಣೆತ್ತಿ ನೋಡಿದ. ನಗಲಿಲ್ಲ. ಹಳದಿ ಗುರುತುಗಳನ್ನೊಮ್ಮೆ ನೋಡಿದ, ಕೆಂಪು ಗುರುತುಗಳನ್ನೊಮ್ಮೆ ನೋಡಿದ. "ಹೌದ್ರಿ," ಎಂದಷ್ಟೇ ಹೇಳಿ ಇಳಿದು ಹೋದ.

ಅದರ ಮರುವಾರ ರಂಜಾನ್ ಶುರುವಾಯಿತು. ಮಿನಾಜ್ ಉಪವಾಸ, ಕರಿಕಲ್ಲಿನ ಹಾಡುಗಾರ ಅಮೀನ್ ಉಪವಾಸ, ಲಾಲ್ ಸಾಬರಂತೂ ಆ ತಿಂಗಳು ಟೆಂಪೋ ಹೊರಗೇ ತೆಗೆಯುವುದಿಲ್ಲ. ಮಾನ್ವಿ ಹಬ್ಬದ ನಂತರ ಎಂದಾಯಿತು.

ಆ ತಿಂಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಫೋನ್ ನಂಬರ್ ಇತ್ತು. ಏನಂತ ಮಾಡಲಿ? ಸ್ಕ್ರೂ ಸಡಿಲಾಗಿದೆ ಅನ್ನಲೇ? ಲ್ಯಾಬಿನ ಬಾಗಿಲು ಸಪ್ಪಳವಾದಾಗಲೆಲ್ಲ ಹೆಬ್ಬೆಟ್ಟು ಕುಯ್ದುಕೊಂಡವರು ಬಂದರೇನೋ ಎಂದು ನೋಡುತ್ತಿದ್ದೆ. ಬಂದವರೆಲ್ಲ ಸಕ್ಕರೆ ಕಾಯಿಲೆಯವರು. ಸಂಜೆ ಇಫ್ತಾರಿಗೆ ಮಿನಾಜಳ ಮನೆಗೆ ಹೋದರೆ ಅವಳು ಖರ್ಜೂರ ಕೊಡುತ್ತ ನನ್ನ ಮುಖ ನೋಡಿ, "ಉಪವಾಸ ನಂದೋ ನಿಂದೋ?" ಎನ್ನುತ್ತಿದ್ದಳು.

ಅವಳಿಂದಲೇ ಇನ್ನೊಂದು ಸುದ್ದಿ ಬಂತು. ಮಾನ್ವಿ ಮುಗಿದ ಮರುದಿನ ಕರಿಕಲ್ಲು ಹೈದರಾಬಾದಿಗೆ ಹೊರಡುತ್ತದೆ. ಅಲ್ಲಿ ರೆಕಾರ್ಡಿಂಗ್, ಪ್ರೋಗ್ರಾಮು, ದಸರೆಯವರೆಗೂ ಅಲ್ಲೇ. ಅಂದರೆ ನನಗೆ ಉಳಿದಿರುವುದು ಒಂದೇ ಒಂದು ಬದಲಿಯ ಹೊತ್ತು. ಹೇಳುವುದಿದ್ದರೆ ಅಲ್ಲಿ ಹೇಳಬೇಕು, ಕೇಳುವುದಿದ್ದರೆ ಅಲ್ಲಿ ಕೇಳಬೇಕು. ನಾನು ಕನ್ನಡಿಯ ಮುಂದೆ ನಿಂತು ಮಾತು ಜೋಡಿಸಿದೆ, ಜೋಡಿಸಿದ್ದನ್ನು ಬಿಟ್ಟೆ, ಮತ್ತೆ ಜೋಡಿಸಿದೆ.

ಮಾನ್ವಿಗೆ ನಾವು ತಲುಪುವುದರಲ್ಲಿ ಸಂಜೆಯಾಗಿತ್ತು. ಕಲ್ಲೂರಿನ ಕಡೆಯಿಂದ ಬಂದ ಹುಡುಗರು ಬೈಕುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕರಿಕಲ್ಲು ಮೊದಲು ಬಾರಿಸುವುದೆಂದು ಆಗಲೇ ಟಾಸ್ ಆಗಿತ್ತು. ನಾನು ವೇದಿಕೆಯ ಪಕ್ಕ ನಿಂತು ನೋಡಿದರೆ ಡ್ರಮ್ ಸೆಟ್ ನನ್ನ ಕಡೆಗೆ ಇತ್ತು. ಕಾಲುಗಳೆಲ್ಲ ಕೆಂಪು ಟೇಪಿನ ಮೇಲೆ.

"ಚಾಚಾ, ತಪ್ಪಿ ನಂದು ಹಚ್ಚೀರಿ," ಎಂದು ಲಾಲ್ ಸಾಬರಿಗೆ ಕೂಗಿದೆ.

"ತಪ್ಪಿಲ್ಲ ಬೇಟಿ. ಪ್ರಭು ಹಂಗ ಇಡು ಅಂದಾನ," ಎಂದರು.

ಅವನು ಬಂದು ಕುಳಿತ. ಎಡಗಡೆ ಇರಬೇಕಾದ ತಾಳ ಬಲಗಡೆ ಇತ್ತು, ಬಲಗೈ ಮಾಡಬೇಕಾದ ಕೆಲಸವನ್ನು ಎಡಗೈ ಮಾಡಿತು. ಎರಡನೆಯ ಹಾಡಿನಲ್ಲಿ ಒಂದು ಪೆಟ್ಟು ಜಾರಿತು. ನಾಲ್ಕನೆಯದರಲ್ಲಿ ಕಡ್ಡಿಯೇ ಹಾರಿತು. ಜನ ಅದೂ ಸ್ಟೈಲೆಂದು ಶಿಳ್ಳೆ ಹೊಡೆದರು. ಉಳಿದದ್ದನ್ನೆಲ್ಲ ಅವನು ಹಲ್ಲು ಕಚ್ಚಿ ಬಾರಿಸಿ ಮುಗಿಸಿದ. ನಾನು ಜಮಖಾನೆ ನೋಡುತ್ತಿದ್ದೆ. ಹಳದಿ ಟೇಪು ಒಂದೂ ಇರಲಿಲ್ಲ. ಎಲ್ಲ ಕಿತ್ತು ಹಾಕಿದ್ದ.

ಒಂದು ತಿಂಗಳು ನಾನು ಕಾದದ್ದು ಆ ತಿರುಗಿಸುವ ಹೊತ್ತಿಗೆ, ಇವನು ಅದನ್ನೇ ಇಲ್ಲವಾಗಿಸಿದ್ದ.

ಹಾಡು ಮುಗಿದು ದೀಪ ಆರಿತು. ಅವನು ಎದ್ದು ಸ್ಟೂಲು ಒರೆಸಿ, "ಕುಂದರ್ರಿ. ತಿರುಗಿಸೂದೇನಿಲ್ಲ," ಎಂದ. ಮುಖದ ತುಂಬ ಬೆವರು, ಬೆವರಿನ ತುಂಬ ಖುಷಿ. ಬಹುಮಾನ ಬಂದ ಕೂಸಿನ ಹಾಗೆ ನಿಂತಿದ್ದ.

ನಾನು ಕೂರಲಿಲ್ಲ. ತಾಳದ ಕಂಬ ಹಿಡಿದು ದರದರ ಎಳೆದು ಆ ಕಡೆ ಇಟ್ಟೆ. ಸಣ್ಣ ಡ್ರಮ್ಮು ಕಿತ್ತು ಈ ಕಡೆ ತಂದೆ.

"ಏನ್ ಮಾಡಾಕತ್ತೀರಿ?"

"ತಿರುಗಸಾಕತ್ತೀನಿ."

"ಅದು ನಿಮ್ಮ ಕಡೀನ ಇತ್ತಲ್ರಿ."

"ಇರ್ಲಿ. ನಿಮ್ಮ ಕಡೆ ತಿರುಗಿಸಿ, ಮತ್ತ ನನ್ನ ಕಡೆ ತಿರುಗಿಸ್ತೀನಿ. ನಿಮಗ ಹೊತ್ತಾದ್ರ ಹೋಗ್ರಿ. ಹೈದರಾಬಾದಿನ ಬಸ್ಸು ತಪ್ಪೀತು."

ಕೆಳಗಿಂದ ಲಾಲ್ ಸಾಬರು, "ಬೇಟಿ, ಯಾನ್ ಹುಚ್ಚು ಹಿಡದದ ನಿನಗ?" ಎಂದರು. ನನ್ನ ಕಣ್ಣು ತುಂಬಿ ಸ್ಕ್ರೂ ಕಾಣಿಸುತ್ತಿರಲಿಲ್ಲ. ಪ್ರಭುರಾಜ ಮೊಣಕಾಲೂರಿ ಕುಳಿತು ಮೊಬೈಲಿನ ಬೆಳಕು ಹಿಡಿದ.

"ಯಾಕ ಸಿಟ್ಟು?"

"ಈ ಒಂದೀಟು ಹೊತ್ತು ನನ್ನ ಜೋಡಿ ಕುಂದರೂದು ಬ್ಯಾಡಾತಲ್ಲ ನಿಮಗ. ಅದಕ್ಕ ಟೇಪ್ ಕಿತ್ತೀರಿ."

ಅವನು ಬೆಳಕನ್ನು ಜಮಖಾನೆಯ ಮೇಲಿಟ್ಟ. "ನೀವ ಅಂದ್ರಿ, ಜನ್ಮೆಲ್ಲ ತಿರುಗಿಸೂದ ಆತು ಅಂತ. ರಂಜಾನ್ ಪೂರಾ ದಿನಾ ಮಧ್ಯಾನ ಗೋದಾಮಿನ್ಯಾಗ ಎಡಗೈಲೆ ಬಾರಿಸೀನಿ. ಲಾಲ್ ಚಾಚಾನ್ನ ಕೇಳ್ರಿ. ಉಪವಾಸದ ಹೊತ್ತಿನ್ಯಾಗ ತಲಿ ನೋವು ತರಸ್ತೀ ಅಂತ ಬೈದಾರ."

"ಒಂದು ಸಂಜಿಗೆ ಇಷ್ಟೆಲ್ಲ ಯಾಕ?"

ಹೊರಗೆ ಜನ ಚಪ್ಪಾಳೆ ತಟ್ಟುತ್ತ ನಮ್ಮ ಬ್ಯಾಂಡಿನ ಹೆಸರು ಕೂಗಲು ಶುರು ಮಾಡಿದ್ದರು.

"ಒಂದು ಸಂಜಿಗೆ ಅಲ್ಲ ದೇವಿಕಾ," ಎಂದ. ಮೊದಲ ಸಲ ಆ 'ರಿ' ಬಿಟ್ಟಿದ್ದ. "ನಾಳೆ ನಮ್ಮಿಬ್ಬರ ಮನ್ಯಾಗ ಎರಡು ಡ್ರಮ್ ಸೆಟ್ಟಿಗೆ ಜಾಗ ಎಲ್ಲಿ ಇರ್ತದ? ಒಂದ ಇರ್ತದ. ಅದು ನಿನ್ನ ಕಡೆ ಇರ್ಲಿ. ಅದಕ್ಕ ಕಲ್ತೆ."

ಎಲ್ಲರೂ ನನಗೆ ತಿರುಗು ಎಂದವರೇ. ಇವನೊಬ್ಬ ತಾನು ತಿರುಗಿ ಬಂದಿದ್ದ. ನಾನು ಕನ್ನಡಿಯ ಮುಂದೆ ಜೋಡಿಸಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವನ ಎಡಗೈ ಹಿಡಿದುಕೊಂಡೆ. ಅಂಗೈಯಲ್ಲಿ ಹೊಸ ಬೊಬ್ಬೆಗಳಿದ್ದವು, ನನಗೆ ಇರುವ ಜಾಗದಲ್ಲೇ.

"ನೋಯ್ತದೇನು?"

"ನೋಯ್ತದ."

"ನೋಯಲಿ," ಎಂದೆ. "ನನಗೂ ಒಂದು ತಿಂಗಳು ನೋವಾಗ್ಯದ. ಫೋನ್ ಮಾಡಾಕ ಕೈ ಇರಲಿಲ್ಲೇನು ನಿನಗ?"

"ಸ್ಕ್ರೂ ಸಡಿಲಾಗ್ಯದ ಅಂತ ಮಾಡಲೇನು?"

ನಗುತ್ತ ಅತ್ತೆನೋ, ಅಳುತ್ತ ನಕ್ಕೆನೋ ತಿಳಿಯದು. ಇಬ್ಬರೂ ಸೇರಿ ಡ್ರಮ್ಮುಗಳನ್ನು ಮತ್ತೆ ನನ್ನ ಕಡೆಗೆ ತಿರುಗಿಸಿದೆವು, ಒಂದೊಂದನ್ನೇ, ಎಷ್ಟು ತಡ ಮಾಡಲು ಸಾಧ್ಯವೋ ಅಷ್ಟು ತಡ ಮಾಡಿ. ಮಿನಾಜ್ ಮೈಕ್ ಹಿಡಿದು ನಮ್ಮನ್ನು ನೋಡಿದಳು. ಆಮೇಲೆ ಜನರ ಕಡೆ ತಿರುಗಿ, "ಸ್ವಲ್ಪ ಸಬರ್ ಮಾಡ್ರಿ," ಎಂದಳು.

ಆ ಸಂಜೆ ನಾನು ಬಾರಿಸಿದ್ದನ್ನು ಅಯ್ಯಪ್ಪ ಮಾವ ಕೇಳಿದ್ದರೆ ಕಿವಿಗೆ ಸುತ್ತಿದ ಟವೆಲ್ ಬಿಚ್ಚುತ್ತಿದ್ದ. ಪ್ರಭುರಾಜ ಸ್ಪೀಕರಿನ ಪಕ್ಕ ನಿಂತು, ಕಡ್ಡಿಯಿಲ್ಲದ ಎಡಗೈಯನ್ನು ತನ್ನ ತೊಡೆಯ ಮೇಲೆ ನನ್ನ ಜೊತೆಗೇ ಆಡಿಸುತ್ತಿದ್ದ.

ಮರುದಿನ ಅವನು ಹೈದರಾಬಾದಿನ ಬಸ್ಸು ಹತ್ತಿದ. ಕಿಟಕಿಯಿಂದ ಕೈ ಬೀಸಿದ, ಅದೂ ಎಡಗೈ.

ಈಗ ಫೋನುಗಳು ಬರುತ್ತವೆ. ಇಲ್ಲದ ಸ್ಕ್ರೂಗಳೆಲ್ಲ ಸಡಿಲಾಗುತ್ತವೆ. ಆದರೆ ಫೋನಿನಲ್ಲಿ ಹುಬ್ಬು ಕಾಣಿಸುವುದಿಲ್ಲ. ವಿಡಿಯೋದಲ್ಲಿ ಕಂಡರೂ ಅದು ಬೇರೆ ಯಾರದೋ ಹುಬ್ಬಿನ ಹಾಗೆ ಕಾಣುತ್ತದೆ, ಮನಸ್ಸು ತುಂಬುವುದಿಲ್ಲ. ದಸರೆ ಇನ್ನೂ ದೂರ ಇದೆ.

ಮಧ್ಯಾಹ್ನ ಲ್ಯಾಬಿನಿಂದ ನೇರ ಗೋದಾಮಿಗೆ ಹೋಗುತ್ತೇನೆ. ಅಂಗಡಿಯಿಂದ ಹಳದಿ ಟೇಪು ತಂದು ಅವನ ಗುರುತುಗಳನ್ನೆಲ್ಲ ಅವು ಇದ್ದಲ್ಲೇ ಅಂಟಿಸಿದ್ದೇನೆ. ಹಳೆಯ ಅಂಟಿನ ಕಲೆ ಜಮಖಾನೆಯ ಮೇಲೆ ಹಾಗೇ ಉಳಿದಿತ್ತು. ಎಲ್ಲವನ್ನೂ ಅವನ ಕಡೆಗೆ ತಿರುಗಿಸಿ ಕೂರುತ್ತೇನೆ. ನನ್ನ ಬಲಗೈ ಬಹಳ ಮೊದ್ದು, ಹೇಳಿದ್ದು ಕೇಳುವುದಿಲ್ಲ. ಕಡ್ಡಿ ಹಾರಿ ಬೀಳುತ್ತಲೇ ಇರುತ್ತದೆ. ಯಾರೂ ನನಗೆ ಕೈ ತಿರುಗಿಸು ಎಂದಿಲ್ಲ. ಅವನಿಗೆ ಇದನ್ನು ಇನ್ನೂ ಹೇಳಿಲ್ಲ.

ನಿನ್ನೆ ಲಾಲ್ ಸಾಬರು ಬಾಗಿಲಲ್ಲಿ ನಿಂತು ನೋಡಿದರು. "ಯಾಕ ಬೇಟಿ, ಉಲ್ಟಾ ಇಟ್ಟೀದಿ?"

"ಉಲ್ಟಾ ಅಲ್ಲ ಚಾಚಾ," ಎಂದೆ. "ಅವರು ಬಂದಾಗ ಕುಂದರಾಕ ಜಾಗ ಬೇಕಲ್ಲ."

ಅವರು ಫ್ಯಾನ್ ಹಾಕಿ ಹೊರಗೆ ಹೋದರು. ನಾನು ಕಡ್ಡಿ ಹೆಕ್ಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ.